ಸೇಂದಿ ಬಿಡಿಸುವ ಮೊದಲು
(ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ನಮ್ಮ ಹುಡುಗರು ಈ ವರ್ಷ ಕೇರಿಯಲ್ಲಿ ಸೇಂದಿ ಬಿಡಿಸಬೇಕಂತ ಹೊರಟಿದ್ದಾರೆ. ಬಾಬಾಸಾಹೇಬರ ಫೋಟೋ ಮುಂದೆ ಪ್ರಮಾಣ ಮಾಡಿಸ್ತೀವಿ, ಮರುದಿನದಿಂದ ಯಾರೂ ಒಂದು ಹನಿ ಮುಟ್ಟಬಾರದು ಅಂದರು. ಕೇಳಿ ಸಂತೋಷ ಆಯಿತು, ಅಂಜಿಕೆನೂ ಆಯಿತು. ಯಾಕ ಅಂಜಿದೆ ಅಂತ ಹೇಳೋದಕ್ಕೇ ಇವತ್ತು ಇಲ್ಲಿ ನಿಂತೀನಿ. ನಾನು ಡಾಕ್ಟರ್ ಅಲ್ಲ, ಮಾನಸಿಕ ರೋಗಿಗಳ ವಾರ್ಡಿನ ನರ್ಸ್.

ಮೊದಲು ನನ್ನ ಸೋದರಮಾವನ ಸುದ್ದಿ ಹೇಳ್ತೀನಿ. ಮಾವ ಹಮಾಲಿ ಮಾಡ್ತಿದ್ದ. ದಿನಾ ಸಂಜೆ ಸೇಂದಿ ಬೇಕೇ ಬೇಕು. 2015ರಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆ ಕಳ್ಳಿನ ಮೇಲೆ ದಾಳಿ ಮಾಡಿತು. ದುಕಾನಗಳು ಮುಚ್ಚಿದವು. ಎರಡು ದಿನ ಮಾವನ ಕೈ ನಡುಗಿದವು, ನಿದ್ದಿ ಇಲ್ಲ. ಮೂರನೇ ರಾತ್ರಿ ಕಂಬಳಿ ಮೇಲಿಂದ ಇಲ್ಲದ ಇರುವೆ ಆರಿಸತೊಡಗಿದ. 'ಹೊರಗ ಮಂದಿ ನಿಂತಾರ, ನನ್ನ ಕಡೀತಾರ' ಅಂತ ಚೀರಿದ. ನಮ್ಮ ಅಜ್ಜಿ ಗಾಳಿ ಸೋಕ್ಯದ ಅಂದಳು. ಮಂತ್ರ ಹಾಕುವವನ ಹತ್ರ ಒಯ್ದು ಬೇವಿನ ಗಿಡಕ್ಕೆ ಕಟ್ಟಿದೆವು. ಕಟ್ಟಿದವರಲ್ಲಿ ನಾನೂ ಒಬ್ಬಳು. ಅಲ್ಲೇ ಫಿಟ್ಸ್ ಬಂತು, ನಾಲಿಗೆ ಕಚ್ಚಿಕೊಂಡ. ಆಗ ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು.

ಡಾಕ್ಟರ್ ಕೇಳಿದ್ದು ಎರಡೇ ಮಾತು: 'ಏನು ಕುಡೀತಿದ್ದರು? ಯಾವಾಗ ಬಿಟ್ಟರು?' ಈ ಎರಡು ಮಾತು ನಮಗ ಯಾರಿಗೂ ಹೊಳೆದಿರಲಿಲ್ಲ. ಆ ದಿನಗಳಲ್ಲಿ ನಿಜಾಮಾಬಾದ್, ಮಹಬೂಬ್‌ನಗರ ಕಡೆಯ ಆಸ್ಪತ್ರೆಗಳಿಗೆ ಹೀಗೇ ಬಂದ ಮಂದಿ ಬಹಳ. ನಮ್ಮ ನಾರಾಯಣಪೇಟೆನೂ ಆಗ ಮಹಬೂಬ್‌ನಗರ ಜಿಲ್ಲೆಯಲ್ಲೇ ಇತ್ತು.

ಹಂಗಾರ ಆ ಸೇಂದಿಯಲ್ಲಿ ಇರೋದೇನು? ಸೇಂದಿ ಅಂದರ ಈಚಲ ಗಿಡದ ರಸ. ಇಷ್ಟು ದುಕಾನಕ್ಕೆ ಸಾಲುವಷ್ಟು ಈಚಲ ಗಿಡ ಎಲ್ಲಿವೆ? ನೀರು, ಸ್ಯಾಕರಿನ್, ಅದರ ಮೇಲೆ ಸಿ.ಎಚ್. ಪೌಡರ್ ಇಲ್ಲಾ ಆಲ್ಪ್ರಜೋಲಾಂ, ಡಯಜೆಪಾಂ. ಸಿ.ಎಚ್. ಅಂದರ ಕ್ಲೋರಲ್ ಹೈಡ್ರೇಟ್, 1869ರಿಂದ ವೈದ್ಯರು ನಿದ್ದಿಗೆ ಕೊಡುತ್ತಾ ಬಂದ ಔಷಧ. ಆಲ್ಪ್ರಜೋಲಾಂ ಕೂಡ ಔಷಧವೇ. ಡಾಕ್ಟರ್ ಅದನ್ನು ಕಾಲು ಇಲ್ಲವೇ ಅರ್ಧ ಮಿಲಿಗ್ರಾಂನಿಂದ ಶುರು ಮಾಡ್ತಾರೆ. ದುಕಾನದಲ್ಲಿ ಅಳೆದು ಹಾಕುವವರು ಯಾರು?

ಮಿದುಳಿನ ಕಥೆ ಹಗ್ಗಜಗ್ಗಾಟ ಇದ್ದಂಗ. ಅಮಲು ದಿನಾ ಒಂದು ಕಡೆ ಎಳೀತದ, ಮಿದುಳು ಸಮ ನಿಲ್ಲಬೇಕಂತ ಇನ್ನೊಂದು ಕಡೆ ಎಳೀತದ. ವರ್ಷಗಟ್ಟಲೆ ಹಿಂಗೇ ನಡೆದು, ಒಂದು ದಿನ ಅಮಲು ಹಗ್ಗ ಬಿಟ್ಟರ ಮಿದುಳು ಮಗುಚಿ ಬೀಳ್ತದ. ಸಾರಾಯಿ ಬಿಟ್ಟವರಿಗೆ ಆರೇಳು ತಾಸಿನಿಂದ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್. ಎರಡು ಮೂರನೇ ದಿನಕ್ಕೆ ದಿಕ್ಕು ತಪ್ಪಿ, ಇಲ್ಲದ್ದು ಕಾಣೋದು. ಗುಳಿಗಿ ಬೆರೆಸಿದ ಸೇಂದಿಯಾದರ ಇನ್ನೂ ತಡವಾಗಿಯೂ ಬರಬಹುದು. ಚಿಕಿತ್ಸೆ ಇಲ್ಲದಿದ್ದರ ಜೀವ ಹೋಗಬಹುದು. ಇದು ಗಾಳಿ ಅಲ್ಲ, ದೇವರ ಶಾಪನೂ ಅಲ್ಲ.

ಆದರ ಇಲ್ಲದ್ದು ಕಂಡವರೆಲ್ಲ ಕುಡಿದವರಲ್ಲ. ಸೈಕೋಸಿಸ್ ಅನ್ನೋ ಕಾಯಿಲೆ ಬೇರೆ ಅದ. ಯಾರೂ ಇಲ್ಲದಾಗ ಮಾತು ಕೇಳಸ್ತದ, ಎಲ್ಲರೂ ತನ್ನ ವಿರುದ್ಧ ಸಂಚು ಮಾಡ್ತಾರಂತ ಗಟ್ಟಿ ನಂಬಿಕೆ ಬರ್ತದ. ಅದರಲ್ಲಿ ಒಂದು ಸ್ಕಿಜೋಫ್ರೀನಿಯಾ. ಜಗತ್ತಿನಲ್ಲಿ ಸುಮಾರು 300 ಮಂದಿಗೆ ಒಬ್ಬರಿಗೆ ಅದ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತ್ತು. ಹೆಚ್ಚಾಗಿ ಹದಿಹರೆಯದ ಕೊನೆಗೆ, ಇಪ್ಪತ್ತರ ವಯಸ್ಸಿನಲ್ಲಿ ಶುರು ಆಗ್ತದ. ಅಂದರ ನಮ್ಮ ಸಂಘದ ಹುಡುಗರ ವಯಸ್ಸು. ಅಮಲು ಬಿಟ್ಟು ತಿಂಗಳಾದರೂ ಇಂಥ ಲಕ್ಷಣ ಹೋಗದಿದ್ದರ ಬೇರೆ ಕಾಯಿಲೆ ಅದೆಯೇನೋ ಅಂತ ಡಾಕ್ಟರ್ ನೋಡ್ತಾರೆ. ತಿಂಗಳು ಕಾದು ಆಸ್ಪತ್ರೆಗೆ ಹೋಗಿರಿ ಅಂತ ನಾನು ಹೇಳ್ತಿಲ್ಲ, ಮೊದಲ ದಿನವೇ ಹೋಗಬೇಕು.

ಇನ್ನೊಂದು ಮಾತು, ಸ್ವಭಾವದ್ದು. 'ಅವನ ಸ್ವಭಾವನೇ ಹಂಗ' ಅಂತೀವಿ. ವ್ಯಕ್ತಿತ್ವದ ಕಾಯಿಲೆ ಅನ್ನೋದೂ ಅದ. ಎಳೆ ಪ್ರಾಯದಿಂದ ವರ್ಷಗಟ್ಟಲೆ, ಮನೆಯಲ್ಲೂ ಕೆಲಸದಲ್ಲೂ ಒಂದೇ ರೀತಿ ನಡೆದು, ತನಗೂ ಮಂದಿಗೂ ತೊಂದರೆ ಕೊಡುವಂಥದ್ದು. ಅದನ್ನು ಒಬ್ಬ ಮನುಷ್ಯನನ್ನು ಕೂಡಿಸಿಕೊಂಡು ಕೇಳಿ, ಬಹಳ ದಿನ ನೋಡಿ ಹೇಳಬೇಕು. ಅಮಲಿನಲ್ಲಿ ಮಾಡಿದ ಜಗಳ ನೋಡಿ ಹೇಳೋದಲ್ಲ. ಜಾತಿ ನೋಡಿ ಅಂತೂ ಹೇಳೋದೇ ಅಲ್ಲ. ಬ್ರಿಟಿಷರು 1871ರಲ್ಲಿ ಕಾಯ್ದೆ ಮಾಡಿ ಕೆಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳು ಅನ್ನೋ ಹೆಸರು ಹಚ್ಚಿದರು. 'ಈ ಕೇರಿಯವರು ಕುಡಿಯೋದೇ ಹಂಗ' ಅನ್ನೋ ಮಾತೂ ಅದೇ ಜಾತಿಯ ಮಾತು. ಅದನ್ನು ನಾವೇ ನಮ್ಮ ಅಣ್ಣ ತಮ್ಮಂದಿರಿಗೆ ಅನ್ನಬಾರದು.

ಈಗ ಸಂಘಕ್ಕೆ ನನ್ನ ಕೋರಿಕೆ. ಪ್ರಮಾಣ ಮಾಡಿಸ್ರಿ. ಆದರ ಅದಕ್ಕಿಂತ ಮೊದಲು ದಿನಾ ಕುಡಿಯುವವರ ಮನೆಗೆ ಹೋಗಿ, ಎಷ್ಟು ವರ್ಷದಿಂದ, ದಿನಕ್ಕೆಷ್ಟು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಅಂತ ಕೇಳ್ರಿ. ಅಂಥವರನ್ನು ಡಾಕ್ಟರ್ ಹತ್ರ ಕರಕೊಂಡು ಹೋಗ್ರಿ. ಅವರು ಗುಳಿಗಿ ಕೊಟ್ಟು ದಿನಾ ಅಷ್ಟಷ್ಟು ಇಳಿಸ್ತಾ ಬರ್ತಾರೆ, ಬಿ1 ವಿಟಮಿನ್ ಕೊಡ್ತಾರೆ. ಫಿಟ್ಸ್ ಬಂದರ ಕೈಗೆ ಕಬ್ಬಿಣ ಕೊಡಬೇಡ್ರಿ, ಬಾಯಿಗೆ ಏನೂ ಹಾಕಬೇಡ್ರಿ. ಮಗ್ಗಲಿಗೆ ಮಲಗಿಸಿ ಗಾಡಿ ಕರೀರಿ. ಮತ್ತೆ ಕುಡಿದವನನ್ನು ಸಂಘದಿಂದ ಹೊರಗ ಹಾಕಬೇಡ್ರಿ, ಮತ್ತೆ ಕರಕೊಂಡು ಬರ್ರಿ. ದಾರಿ ತಿಳಿಯದಿದ್ದರ 14416ಕ್ಕೆ ಫೋನ್ ಮಾಡ್ರಿ. ಅದು ಟೆಲಿ ಮಾನಸ್, ದುಡ್ಡಿಲ್ಲ. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡ್ತಾರೆ.

ಮತ್ತೆ ಯಾರನ್ನೂ ಕಟ್ಟಬೇಡ್ರಿ. 2001ರಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕೋದನ್ನು ನಿಷೇಧ ಮಾಡ್ಯದ, ಸರ್ಕಾರದಿಂದ ಚಿಕಿತ್ಸೆ ಪಡೆಯೋದು ಹಕ್ಕು ಅಂದದ. ನಾವು ಹಕ್ಕು ಕೇಳಿ ಬಂದ ಮಂದಿ, ಇದನ್ನೂ ಕೇಳೋಣ.

ನನ್ನ ಮಾವ ಬದುಕಿದ. ಇವತ್ತಿಗೂ ಅವನ ಮುಂಗೈ ಮೇಲೆ ಹಗ್ಗದ ಕಲೆ ಅದ. ಅವತ್ತು ವಾರ್ಡಿನಲ್ಲಿ ಎಚ್ಚರಾದಾಗ ನನ್ನ ಮುಖ ನೋಡಿ ಕೇಳಿದ, 'ಏನ್ ತಪ್ಪು ಮಾಡಿದ್ದೆ ಅಂತ ಕಟ್ಟಿದ್ರವ್ವಾ?' ಅಂತ. ನಾನು ನರ್ಸ್ ಕೋರ್ಸಿಗೆ ಸೇರಿದ್ದು ಆ ಮಾತಿನಿಂದ. ನಮ್ಮ ಕೇರಿಯಲ್ಲಿ ಇನ್ನೊಬ್ಬರು ಆ ಮಾತು ಕೇಳುವಂಗ ಆಗಬಾರದು.

ಜೈ ಭೀಮ್.