ಗೂಡಿನ ಎದುರು ಕ್ಯಾಮೆರಾ

ದಾಂಡೇಲಿಯ ಕಾಡಿನ ದೊಡ್ಡ ಮಂಗಟ್ಟೆ ಹಕ್ಕಿಗೆ ಹೆಮ್ಮರದ ಪೊಟರೆಯೇ ಗೂಡು. ಹೆಣ್ಣು ಒಳಹೊಕ್ಕು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿ, ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಅಲ್ಲಿಯೇ ರೆಕ್ಕೆಯ ಗರಿಗಳನ್ನು ಉದುರಿಸುವುದರಿಂದ ಹಾರಿಹೋಗಲೂ ಆಗದು. ವಾರಗಟ್ಟಲೆ ತಾಯಿಗೂ ಮರಿಗೂ ಗಂಡು ತರುವ ಹಣ್ಣುಹುಳುಗಳೇ ಆಧಾರ.

ಅಂತಹ ಮರದೆದುರು ಹತ್ತು ಮಂದಿ ಕ್ಯಾಮೆರಾ ಹೂಡಿ ನಿಂತರೆ, ಗಂಡು ಹಣ್ಣನ್ನು ಗಂಟಲಲ್ಲಿಟ್ಟುಕೊಂಡೇ ದೂರದ ಕೊಂಬೆಯಲ್ಲಿ ಕಾಯುತ್ತದೆ, ಒಳಗೆ ಹಸಿವು. ಚಿತ್ರಕ್ಕೆ ಅಡ್ಡವೆಂದು ರೆಂಬೆ ಕಡಿಯುವವರೂ ಉಂಟು. ಅಂಥವರಿಗೆ ಛಾಯಾಗ್ರಾಹಕರೆಂಬ ಹೆಸರು ಸಲ್ಲದು. ಈ ಹಕ್ಕಿ 2018ರಿಂದ ಅಳಿವಿನ ಭೀತಿಯುಳ್ಳ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ.

ಫಲ ಬಿಟ್ಟ ಆಲ, ಅತ್ತಿಗಳ ಬಳಿ ಮರೆಯಲ್ಲಿ ಕುಳಿತು ಕಾದರೂ ಮಂಗಟ್ಟೆಯ ಚಿತ್ರ ದೊರೆಯುತ್ತದೆ. ಗೂಡಿನ ಮರವೆಲ್ಲಿ ಎಂದು ಊರಿಗೆ ಬಂದವರು ಕೇಳಿದರೆ, ಹಣ್ಣಿನ ಮರದ ದಾರಿಯನ್ನು ತೋರಿಸಿರಿ.