ಮೇಸ್ತ್ರಿಯ ಬಾಯಲ್ಲಿ ಸಿಕ್ಕಿಕೊಂಡ ಮಾತು



1953ರ ಅಕ್ಟೋಬರ್ 1ರಂದು ನಮ್ಮ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಎಷ್ಟೋ ಮನೆಗಳಲ್ಲಿ ಕನ್ನಡ ಹಾಗೆಯೇ ಉಳಿಯಿತು. ಹೀಗಾಗಿ ಜಿನ್ನಿಂಗ್ ಮಿಲ್ಲಿನ ಬಾಗಿಲಿಗೆ ತೆಲುಗಿನಲ್ಲಿ ನೋಟೀಸು ಅಂಟಿಸಿದರೆ ನಮ್ಮ ಅಕ್ಕಂದಿರು ಮೇಸ್ತ್ರಿಯನ್ನೇ ಕೇಳಬೇಕು. ಮ್ಯಾನೇಜರರು ಹೇಳಿದ್ದು ನಾಲ್ಕು ಮಾತು. ಇವರಿಗೆ ಮುಟ್ಟುವುದು ಒಂದು, ಅದೂ ಬೈಗುಳದ ಸಂಗಡ.

1946ರ ಸ್ಥಾಯೀ ಆದೇಶಗಳ ಕಾಯಿದೆಯು ನಿಯಮಗಳನ್ನು ಇಂಗ್ಲಿಷಿನಲ್ಲಿಯೂ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಬಾಗಿಲ ಬಳಿ ಹಾಕಬೇಕೆಂದು ವಿಧಿಸಿತ್ತು. ಬಹುಪಾಲಿಗೆ ಸೇರದವರ ಗತಿ? ಓದಲೇ ಬಾರದವರ ಗತಿ? ಆದಕಾರಣ ಪಾಳಿ ಬದಲಾಗುವಾಗ, ಯಂತ್ರ ನಿಂತಿರುವಾಗ, ನೋಟೀಸನ್ನು ಎರಡೂ ಭಾಷೆಗಳಲ್ಲಿ ಗಟ್ಟಿಯಾಗಿ ಓದಿಸಬೇಕೆಂದು ಕೇಳೋಣ. (ಓಡುವ ಯಂತ್ರದ ಸದ್ದಿನಲ್ಲಿ ಹೇಳಿದರೆ ತಲೆ ಆಡಿಸುತ್ತೇವೆ, ಅಷ್ಟೇ.)

ಕೆಳಗಿನಿಂದ ಮೇಲಕ್ಕೆ ಹೋಗಬೇಕಾದ ಮಾತಿನ ಪಾಡು ಇನ್ನೂ ಕಷ್ಟ. ಬೆಲ್ಟು ಸಡಿಲವಾಗಿದೆ ಎಂದವನಿಗೆ ಒಮ್ಮೆ ‘ನಿನ್ನ ಕೆಲಸ ನೋಡು’ ಎಂದರೆ ಸಾಕು, ಮರುದಿನ ಅದು ಹರಿಯುವುದನ್ನು ಕಂಡವನೂ ಬಾಯಿ ಬಿಡುವುದಿಲ್ಲ. ಆಗ ಹೋಗುವುದು ಒಬ್ಬನ ಕೈ. ಬೈದ ಮೇಲೆ ‘ಏಕೆ ಹೇಳಲಿಲ್ಲ’ ಎಂದು ವಿಚಾರಣೆ ನಡೆಸುವುದು ಯಾವ ನ್ಯಾಯ? ಹೇಳಿದವನ ಹೆಸರನ್ನು ಪುಸ್ತಕದಲ್ಲಿ ಬರೆದು, ರಿಪೇರಿ ಆದ ದಿನವನ್ನೂ ಅಲ್ಲಿಯೇ ಬರೆಯಲಿ.

ಈ ಎರಡು ಬೇಡಿಕೆಗಳ ಅರ್ಜಿ ಮೇಜಿನ ಮೇಲಿದೆ. ಹೋಗುವ ಮೊದಲು ಒಬ್ಬರು ಓದಿ ಹೇಳುತ್ತಾರೆ; ಕೇಳಿ ಸಹಿ ಮಾಡಿರಿ, ಹೆಬ್ಬೆಟ್ಟಾದರೂ ನಡೆಯುತ್ತದೆ.