ಒಂದೇ ಬೆಂಕಿ, ಎರಡು ಕೆಲಸ



ಮಲೆನಾಡಿನ ಬಚ್ಚಲ ಒಲೆ ಹಂಡೆಯ ನೀರನ್ನು ಕಾಯಿಸುತ್ತದೆ. ಮಳೆಗಾಲದಲ್ಲಿ ಅದೇ ಬೆಂಕಿಯ ಕಾವು ಮೇಲಿನ ಅಟ್ಟದ ಹಸಿ ಸೌದೆಯನ್ನೂ ಒಣಗಿಸುತ್ತದೆ. ಉರಿದ ಕಟ್ಟಿಗೆ ಒಂದೇ, ನಡೆದ ಕೆಲಸ ಎರಡು. ಜಗತ್ತಿನ ಕೆಲವು ನಗರಗಳು ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಅನುಸರಿಸುತ್ತಿವೆ. ಶಾಖ ಮತ್ತು ವಿದ್ಯುತ್ತಿನ ಸಹ-ಉತ್ಪಾದನೆ ಎಂದು ಅದಕ್ಕೆ ಹೆಸರು.

ವಿದ್ಯುತ್ತನ್ನಷ್ಟೇ ಉತ್ಪಾದಿಸುವ ಸಾಮಾನ್ಯ ಉಷ್ಣ ಸ್ಥಾವರದಲ್ಲಿ ಇಂಧನದ ಶಕ್ತಿಯ ಸುಮಾರು ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಉಳಿದದ್ದರಲ್ಲಿ ಬಹುಪಾಲು ಶಾಖವಾಗಿ ಗಾಳಿಗೋ ನೀರಿಗೋ ಸೇರಿ ವ್ಯರ್ಥವಾಗುತ್ತದೆ. ಆ ಶಾಖವನ್ನು ಹಿಡಿದು, ಬಿಸಿನೀರಿನ ರೂಪದಲ್ಲಿ ಕೊಳವೆಗಳ ಮೂಲಕ ಮನೆಗಳಿಗೆ ಹರಿಸಿದರೆ ಇಂಧನದ 80 ಪ್ರತಿಶತಕ್ಕೂ ಮಿಕ್ಕ ಶಕ್ತಿ ಉಪಯೋಗಕ್ಕೆ ಬರುತ್ತದೆ.

ಸ್ವೀಡನ್ನಿನ ದಕ್ಷಿಣದಲ್ಲಿ, ಕಾಡುಗಳ ನಡುವೆ ಇರುವ ವೆಕ್‌ಶೊ ನಗರ ಇದಕ್ಕೆ ಒಳ್ಳೆಯ ನಿದರ್ಶನ. ತೈಲದ ಬೆಲೆಯೇರಿಕೆಯಿಂದ ಪಾಠ ಕಲಿತ ಈ ನಗರದ ಸ್ಥಾವರವು 1980ರಲ್ಲಿ ಮರದ ಇಂಧನದತ್ತ ತಿರುಗಿತು. ಪಳೆಯುಳಿಕೆ ಇಂಧನಗಳಿಂದ ಮುಕ್ತವಾಗಬೇಕೆಂದು ನಗರಸಭೆ 1996ರಲ್ಲಿ ನಿರ್ಧರಿಸಿತು. ಮರ ಕಡಿದ ಮೇಲೆ ಉಳಿಯುವ ಕೊಂಬೆ–ತುದಿಗಳು ಹಾಗೂ ಗರಗಸದ ಮಿಲ್ಲುಗಳ ತೊಗಟೆ–ಹುಡಿ ಅಲ್ಲಿನ ಮುಖ್ಯ ಇಂಧನ.

ಆದರೆ ಕೃಷಿವಿಜ್ಞಾನ ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಕೊಂಬೆ ಮತ್ತು ಎಲೆಗಳೊಡನೆ ಮಣ್ಣಿನ ಸಾರವೂ ಕಾಡು ಬಿಟ್ಟು ಹೋಗುತ್ತದೆಯಲ್ಲವೆ? ಆದ್ದರಿಂದಲೇ, ಕೊಂಬೆಗಳನ್ನು ತೆಗೆದ ಕಾಡಿಗೆ ಬೂದಿಯನ್ನು ಮರಳಿಸಬೇಕೆಂಬುದು ಸ್ವೀಡನ್ನಿನ ಅರಣ್ಯ ಇಲಾಖೆಯ ಸಲಹೆ. ಬೂದಿಯಲ್ಲಿ ಸುಣ್ಣ, ಪೊಟ್ಯಾಷ್, ರಂಜಕಗಳು ಮರಳಿ ಬರುತ್ತವೆ; ಹೊಗೆಯೊಡನೆ ಹೋದ ಸಾರಜನಕ ಮಾತ್ರ ಬರುವುದಿಲ್ಲ.

ಕರ್ನಾಟಕದಲ್ಲಿ ಮನೆ ಬೆಚ್ಚಗಿಡುವ ಶಾಖದ ಅಗತ್ಯವಿಲ್ಲ. ಇಲ್ಲಿ ಸಹ-ಉತ್ಪಾದನೆಗೆ ತಕ್ಕ ನೆಲೆ ಸಕ್ಕರೆ ಕಾರ್ಖಾನೆ: ಕಬ್ಬಿನ ಸಿಪ್ಪೆ ಉರಿದು ಬಂದ ಉಗಿ ಮೊದಲು ಟರ್ಬೈನನ್ನು ತಿರುಗಿಸುತ್ತದೆ, ಬಳಿಕ ಕಬ್ಬಿನ ರಸವನ್ನು ಕುದಿಸುತ್ತದೆ. ಇಂಧನ ಹುಟ್ಟುವುದೂ ಶಾಖ ಬೇಕಾಗುವುದೂ ಒಂದೇ ಆವರಣದಲ್ಲಿ.

ಮಲೆನಾಡಿನ ಸೊಪ್ಪಿನ ಬೆಟ್ಟದ ತರಗೆಲೆಯನ್ನು ಇದೇ ಲೆಕ್ಕಕ್ಕೆ ಸೇರಿಸಲಾಗದು. ನಗರದ ಕಣ್ಣಿಗೆ ಅದು ತ್ಯಾಜ್ಯ. ಅಡಿಕೆ ತೋಟಕ್ಕೆ ಅದು ಗೊಬ್ಬರ, ಇಳಿಜಾರಿನ ಮಣ್ಣಿಗೆ ಮಳೆಯ ಹೊಡೆತ ತಡೆಯುವ ಹೊದಿಕೆ. ಜೈವಿಕ ಇಂಧನದ ಯೋಜನೆ ಊರಿಗೆ ಬಂದಾಗ ಗ್ರಾಮಸಭೆ ಮೂರು ಪ್ರಶ್ನೆಗಳನ್ನು ಕೇಳಲಿ: ಉರುವಲು ಎಲ್ಲಿಯದು? ಉಳಿದ ಶಾಖ ಯಾರಿಗೆ? ಬೂದಿ ಎಲ್ಲಿಗೆ? ಉತ್ತರ ದೊರೆತ ಮೇಲೆಯೇ ಒಪ್ಪಿಗೆಯ ಮಾತು.